ಅಮೆರಿಕದ ಸರ್ಕಾರಿ ಶಾಲೆಯ ಫಾರಂ ತುಂಬುವ ಮೊದಲು: ಮಗುವಿನ ಮಾಹಿತಿ ಕಾಯುವ ಬಗೆ

ಆಗಸ್ಟ್ ಬಂತೆಂದರೆ ಫ್ರಿಮಾಂಟ್, ಪ್ಲೇನೋ, ಎಡಿಸನ್ ಕಡೆಯ ಕನ್ನಡ ಮನೆಗಳಲ್ಲಿ ರಾತ್ರಿ ಊಟದ ನಂತರದ ಕೆಲಸ ಒಂದೇ, ಶಾಲೆಯ ಆನ್‌ಲೈನ್ ರಿಜಿಸ್ಟ್ರೇಷನ್. ಪುಟದ ಮೇಲೆ ಪುಟ, ಪ್ರತಿ ಪುಟದ ಬುಡದಲ್ಲೂ ಒಪ್ಪಿಗೆಯ ಚೌಕ. ಹತ್ತನೇ ಪುಟ ದಾಟುವ ಹೊತ್ತಿಗೆ ಯಾರೂ ಓದುತ್ತಿರುವುದಿಲ್ಲ, ಟಿಕ್ ಹಾಕುತ್ತಾ ಹೋಗುತ್ತಾರೆ. ಅವುಗಳಲ್ಲಿ ಬಹುಪಾಲು ಊಟ, ಬಸ್ಸು, ಶಿಸ್ತಿನ ನಿಯಮಗಳಿಗೆ ಸೇರಿದವು, ಕಣ್ಣು ಮುಚ್ಚಿ ಒಪ್ಪಿದರೂ ನಷ್ಟವಿಲ್ಲ. ಮೂರು ನಾಲ್ಕು ಮಾತ್ರ ಮಗುವಿನ ಹೆಸರು, ಫೋಟೊ, ಹುಟ್ಟಿದ ದಿನಾಂಕ, ಆರೋಗ್ಯದ ವಿವರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಅವನ್ನು ಗುರುತಿಸುವುದು, ಶಾಲೆ ಕೊಟ್ಟು ಮನೆಗೆ ಬರುವ ಕ್ರೋಮ್‌ಬುಕ್ ಲ್ಯಾಪ್‌ಟಾಪನ್ನು ಸರಿಯಾಗಿ ಇಟ್ಟುಕೊಳ್ಳುವುದು, ಮಾಹಿತಿ ಸೋರಿದಾಗ ಮಾಡಬೇಕಾದದ್ದು, ಇವಿಷ್ಟು ಇಲ್ಲಿವೆ.

ಮೊದಲಿಗೆ ಒಂದು ಮಾತು. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು. ನಮ್ಮ ಕಡೆಯಂತೆ ರಾಜ್ಯದ ಶಿಕ್ಷಣ ಇಲಾಖೆ ಒಂದು ಸಾಫ್ಟ್‌ವೇರ್ ತಂದು ಎಲ್ಲ ಶಾಲೆಗೂ ಹಂಚುವ ಪದ್ಧತಿ ಇಲ್ಲಿಲ್ಲ. ಯಾವ ಆ್ಯಪ್ ಬೇಕು, ಯಾವ ಕಂಪನಿಗೆ ಮಾಹಿತಿ ಕೊಡಬೇಕು ಎನ್ನುವುದನ್ನು ಸಾಮಾನ್ಯವಾಗಿ ಡಿಸ್ಟ್ರಿಕ್ಟೇ ತೀರ್ಮಾನಿಸುತ್ತದೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಇಡೀ ಕೌಂಟಿಗೆ ಒಂದೇ ಡಿಸ್ಟ್ರಿಕ್ಟ್. ಕ್ಯಾಲಿಫೋರ್ನಿಯಾದ ಕೆಲವೆಡೆ ಪ್ರಾಥಮಿಕ ಶಾಲೆಗೆ ಒಂದು, ಹೈಸ್ಕೂಲಿಗೆ ಇನ್ನೊಂದು. ಹಾಗಾಗಿ ಪಕ್ಕದ ಊರಿನ ಸ್ನೇಹಿತರು ‘ನಾವು ಹೀಗೆ ಮಾಡಿದ್ವಿ’ ಅಂದದ್ದು ನಿಮಗೆ ಹೊಂದಲಿಕ್ಕಿಲ್ಲ. ಕೇಂದ್ರದ ಕಾನೂನು ಎಲ್ಲರಿಗೂ ಒಂದೇ, ಉಳಿದದ್ದು ಡಿಸ್ಟ್ರಿಕ್ಟಿನ ಮತ್ತು ರಾಜ್ಯದ ಕೈಲಿದೆ.

ಇಷ್ಟೆಲ್ಲ ಎಚ್ಚರ ಬೇಕೇ ಎನ್ನುವವರು ಮೂರು ಪ್ರಕರಣ ನೋಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲಿಸ್ ಡಿಸ್ಟ್ರಿಕ್ಟಿನ ಮೇಲೆ ರಾನ್ಸಮ್‌ವೇರ್ ದಾಳಿ (ಕಡತಗಳನ್ನು ಕದ್ದೋ ಬೀಗ ಹಾಕಿಯೋ ಹಣ ಕೇಳುವುದು) ನಡೆಯಿತು. ಹಣ ಕೊಡಲೊಪ್ಪದಿದ್ದಾಗ ಕದ್ದ ಕಡತಗಳು ಬಯಲಿಗೆ ಬಂದವು, ಅವುಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ವರದಿಗಳೂ ಇದ್ದವು. 2023ರಲ್ಲಿ ಮಿನಿಯಾಪೊಲಿಸ್ ಡಿಸ್ಟ್ರಿಕ್ಟಿಗೆ 10 ಲಕ್ಷ ಡಾಲರ್ ಬೇಡಿಕೆ ಬಂತು. ಅಲ್ಲಿಯೂ ವಿದ್ಯಾರ್ಥಿಗಳ ಅತ್ಯಂತ ಸೂಕ್ಷ್ಮ ದಾಖಲೆಗಳು ಅಂತರ್ಜಾಲಕ್ಕೆ ಬಿದ್ದವು. 2024ರ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ಎಂಬ, ಶಾಲೆಗಳ ವಿದ್ಯಾರ್ಥಿ ದಾಖಲೆ ಇಡುವ ತಂತ್ರಾಂಶ ಕಂಪನಿಯ ಸಹಾಯ ಪೋರ್ಟಲ್‌ಗೆ ಕದ್ದ ಪಾಸ್‌ವರ್ಡ್ ಬಳಸಿ ನುಗ್ಗಿ, ಅದರ ಮೂಲಕ ದೇಶದ ಉದ್ದಗಲದ ಡಿಸ್ಟ್ರಿಕ್ಟ್‌ಗಳ ವಿದ್ಯಾರ್ಥಿ ದಾಖಲೆ ಎತ್ತಿಕೊಂಡು ಹೋದರು. ಎಷ್ಟೋ ವರ್ಷ ಹಿಂದೆ ಶಾಲೆ ಬಿಟ್ಟವರ ವಿವರವೂ ಅದರಲ್ಲಿತ್ತು. ಮೂರರಲ್ಲೂ ಪೋಷಕರು ಮಾಡಿದ ತಪ್ಪು ಏನೂ ಇಲ್ಲ, ಅವರು ತಡೆಯಬಹುದಾಗಿದ್ದ ಕಳ್ಳತನವೂ ಅಲ್ಲ. ಆದರೆ ಫಾರಂನಲ್ಲಿ ಖಾಲಿ ಬಿಟ್ಟ ಜಾಗದಿಂದ ಯಾರೂ ಏನನ್ನೂ ಕದಿಯಲಾರರು. ಪೋಷಕರ ಕೈಲಿರುವುದು ಅಷ್ಟೇ, ಅದು ಸಣ್ಣದೂ ಅಲ್ಲ.

ಹಂತ 1: ರಿಜಿಸ್ಟ್ರೇಷನ್, ಯಾವುದು ಬೇಕು ಯಾವುದು ಬೇಡ

ಶಾಲೆಗೆ ನಿಜಕ್ಕೂ ಬೇಕಾದದ್ದು ನಾಲ್ಕು: ಮಗುವಿನ ವಯಸ್ಸಿಗೆ ಪುರಾವೆ, ಡಿಸ್ಟ್ರಿಕ್ಟಿನ ಗಡಿಯೊಳಗೆ ವಾಸವಿದ್ದೀರಿ ಎನ್ನುವುದಕ್ಕೆ ಪುರಾವೆ, ಲಸಿಕೆಯ ದಾಖಲೆ, ತುರ್ತು ಸಂಪರ್ಕ. ಅದರಾಚೆ ಏನೇ ಕೇಳಿದರೂ ‘ಇದು ಕಡ್ಡಾಯವೇ?’ ಎಂದು ಕೇಳುವ ಹಕ್ಕು ನಿಮಗಿದೆ.

ಸೋಷಿಯಲ್ ಸೆಕ್ಯೂರಿಟಿ ನಂಬರ್ (ಸರ್ಕಾರ ಕೊಡುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ) ಕಾಲಂ ಕಂಡರೆ ಖಾಲಿ ಬಿಡಿ. 1974ರ ಪ್ರೈವೆಸಿ ಆ್ಯಕ್ಟ್ ಪ್ರಕಾರ ಆ ಸಂಖ್ಯೆ ಕೇಳುವ ಸರ್ಕಾರಿ ಸಂಸ್ಥೆ, ಅದು ಕಡ್ಡಾಯವೋ ಐಚ್ಛಿಕವೋ, ಯಾವ ಅಧಿಕಾರದಿಂದ ಕೇಳುತ್ತಿದೆ, ಯಾತಕ್ಕೆ ಬಳಸುತ್ತದೆ ಎಂದು ಹೇಳಬೇಕು. ಕೊಡಲಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಬಂದ ಮಕ್ಕಳಿಗೆ ಆ ಸಂಖ್ಯೆಯೇ ಇರುವುದಿಲ್ಲ, ಅದರಿಂದ ಯಾವ ಶಾಲೆಯ ಕೆಲಸವೂ ನಿಂತಿಲ್ಲ. ಆನ್‌ಲೈನ್ ಫಾರಂ ಖಾಲಿ ಕಾಲಂ ಒಪ್ಪದೆ ಹಟ ಹಿಡಿದರೆ ಸುಳ್ಳು ಸಂಖ್ಯೆ ತುಂಬಬೇಡಿ. ನೀವು ಬರೆದ ಒಂಬತ್ತು ಅಂಕಿ ಇನ್ನಾರದೋ ಆಗಿರಬಹುದು. ಶಾಲೆಯ ಕಚೇರಿಗೆ ಫೋನ್ ಮಾಡಿ, ಅವರೇ ದಾಟಿಸಿಕೊಡುತ್ತಾರೆ.

ವೀಸಾ, ಐ-94 (ದೇಶದೊಳಗೆ ಬಂದದ್ದರ ದಾಖಲೆ), ಪೌರತ್ವದ ಸ್ಥಿತಿ ಇವೂ ಪ್ರವೇಶಕ್ಕೆ ಬೇಕಿಲ್ಲ. ವಲಸೆ ಸ್ಥಿತಿಯ ಕಾರಣಕ್ಕೆ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಭಾರತದಿಂದ ಬಂದ ಮನೆಗಳಲ್ಲಿ ಒಂದು ಅಭ್ಯಾಸವಿದೆ: ಏನು ಕೇಳಿದರೂ ಪಾಸ್‌ಪೋರ್ಟಿನ ಎಲ್ಲ ಪುಟ ಸ್ಕ್ಯಾನ್ ಮಾಡಿ ಹಾಕಿಬಿಡುವುದು. ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರೂ ಊರಿನ ವಿಳಾಸವೂ ಇರಬಹುದು, ವೀಸಾ ಪುಟದಲ್ಲಿ ಇನ್ನಷ್ಟು. ವಯಸ್ಸಿಗೆ ಜನನ ಪ್ರಮಾಣಪತ್ರ ಸಾಕು, ಅದು ಬೇರೆ ದೇಶದ್ದು ಎನ್ನುವ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಪ್ರಮಾಣಪತ್ರವಾದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಸಾಧ್ಯವಾದಲ್ಲಿ ಮೂಲ ಪತ್ರ ತೋರಿಸಿ, ಪ್ರತಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ಎಷ್ಟೋ ಕಡೆ ನೋಡಿ ಗುರುತು ಹಾಕಿಕೊಂಡರೆ ಅವರ ಕೆಲಸ ಮುಗಿಯುತ್ತದೆ.

ವಿಳಾಸದ ಪುರಾವೆಗೆ ಬಾಡಿಗೆ ಕರಾರೋ ವಿದ್ಯುತ್ ಬಿಲ್ಲೋ ಕೊಡುವಾಗ ಖಾತೆಯ ಸಂಖ್ಯೆ, ಬಾಡಿಗೆ ಮೊತ್ತ ಮುಚ್ಚಬಹುದು. ಪಿಡಿಎಫ್ ಮೇಲೆ ಕಪ್ಪು ಪೆಟ್ಟಿಗೆ ಎಳೆದರೆ ಸಾಲದು, ಕೆಳಗಿನ ಅಕ್ಷರ ಹಾಗೇ ಉಳಿದು ಕಾಪಿ ಮಾಡಿದರೆ ಸಿಗುತ್ತದೆ. ಪ್ರಿಂಟ್ ತೆಗೆದು ಮಾರ್ಕರ್‌ನಿಂದ ಮುಚ್ಚಿ ಮತ್ತೆ ಸ್ಕ್ಯಾನ್ ಮಾಡಿ, ಅಥವಾ ಕಪ್ಪು ಮಾಡಿದ ಪುಟದ ಸ್ಕ್ರೀನ್‌ಶಾಟ್ ಹಾಕಿ.

ಊಟದ ರಿಯಾಯಿತಿಯ ಅರ್ಜಿ ತುಂಬುವವರಿಗೆ ಮನೆಯ ಆದಾಯ, ಒಬ್ಬ ದೊಡ್ಡವರ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಸಂಖ್ಯೆ ಇಲ್ಲದಿದ್ದರೆ ಇಲ್ಲ ಎಂದು ಗುರುತು ಹಾಕಲು ಚೌಕ ಇರುತ್ತದೆ. ಇಡೀ ಒಂಬತ್ತು ಅಂಕಿ ಅಲ್ಲಿ ಎಲ್ಲೂ ಬೇಕಿಲ್ಲ.

ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎನ್ನುವ ಪ್ರಶ್ನೆಗೆ ‘ಕನ್ನಡ’ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆಂದು ಹೆದರಿ ‘ಇಂಗ್ಲಿಷ್’ ಎಂದು ಬರೆಯುವವರು ಬಹಳ. ಇದು ಗುಟ್ಟಾಗಿಡಬೇಕಾದ ಮಾಹಿತಿಯಲ್ಲ. ಪರೀಕ್ಷೆ ಇಡಬಹುದು, ನಿಜ. ಮಗು ಚೆನ್ನಾಗಿ ಮಾಡಿದರೆ ಅಲ್ಲಿಗೆ ಮುಗಿಯಿತು. ಮಾಡದಿದ್ದರೆ ಸಹಾಯ ಸಿಗುತ್ತದೆ, ಆ ತರಗತಿ ಬೇಡವೆನ್ನುವ ಹಕ್ಕೂ ಪೋಷಕರಿಗೆ ಇದೆ. ನಿಜವನ್ನೇ ಬರೆಯಿರಿ.

ಅಲರ್ಜಿ, ಉಬ್ಬಸ, ಔಷಧದ ವಿವರವನ್ನು ಮಾತ್ರ ಎಂದೂ ಮುಚ್ಚಿಡಬೇಡಿ. ಕಡಲೆಕಾಯಿ ತಿಂದ ಮಗುವಿಗೆ ಗಂಟಲು ಕಟ್ಟಿದಾಗ ಗೌಪ್ಯತೆಯಿಂದ ಏನೂ ಉಪಯೋಗವಿಲ್ಲ.

ಹಂತ 2: ಡೈರೆಕ್ಟರಿ ಇನ್ಫರ್ಮೇಷನ್ ಎಂಬ ಚೌಕ

ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಹೆಚ್ಚು ಜನ ಗಮನಿಸದೆ ಬಿಡುವುದೂ ಇದನ್ನೇ. 1974ರ ಫರ್ಪಾ (FERPA) ಕಾನೂನಿನ ಪ್ರಕಾರ ಮಗುವಿನ ಶಾಲಾ ದಾಖಲೆಯನ್ನು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಕೊಡುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ವಿನಾಯಿತಿಗಳಿವೆ, ಅವುಗಳಲ್ಲಿ ಅಗಲವಾದ ಕಿಂಡಿ ‘ಡೈರೆಕ್ಟರಿ ಇನ್ಫರ್ಮೇಷನ್’. ಹೆಸರು, ವಿಳಾಸ, ಫೋನ್, ಇಮೇಲ್, ಫೋಟೊ, ಹುಟ್ಟಿದ ದಿನ ಮತ್ತು ಊರು, ಆಡುವ ಆಟ, ಬಂದ ಬಹುಮಾನ, ಆಟಗಾರರಾದರೆ ಎತ್ತರ ತೂಕ ಸಹ ಈ ಪಟ್ಟಿಗೆ ಸೇರಬಹುದು. ಯಾವ್ಯಾವುದು ಸೇರಬೇಕು ಎನ್ನುವುದನ್ನು ಡಿಸ್ಟ್ರಿಕ್ಟ್ ಪ್ರಕಟಣೆ ಹೊರಡಿಸಿ ತಿಳಿಸಬೇಕು. ನೀವು ಬೇಡವೆಂದು ಹೇಳದಿದ್ದರೆ ಅವನ್ನು ಕೇಳಿದವರಿಗೆ ಕೊಡಬಹುದು. ಮೌನವೆಂದರೆ ಸಮ್ಮತಿ ಎಂಬ ಲೆಕ್ಕ.

ಬೇಡವೆನ್ನುವುದಕ್ಕೆ ಆಪ್ಟ್ ಔಟ್ ಅಂತ ಹೆಸರು. ಮಾಡುವುದು ಹೀಗೆ:

- ಡಿಸ್ಟ್ರಿಕ್ಟಿನ ವೆಬ್‌ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ ‘ಫರ್ಪಾ’ ಅಥವಾ ‘ಆ್ಯನ್ಯುಯಲ್ ನೋಟಿಸ್’ ಹುಡುಕಿ. ಪಟ್ಟಿಯಲ್ಲಿ ಏನೇನಿದೆ, ಬೇಡವೆನ್ನಲು ಕಡೆಯ ದಿನ ಯಾವುದು ಎಂದು ನೋಡಿ. ಕಡೆಯ ದಿನ ಸಾಮಾನ್ಯವಾಗಿ ಶಾಲೆ ಶುರುವಾದ ಮೊದಲ ಕೆಲವು ವಾರಗಳಲ್ಲೇ ಇರುತ್ತದೆ.
- ಫಾರಂ ಇದ್ದರೆ ತುಂಬಿ. ಇಲ್ಲದಿದ್ದರೆ ಮಗುವಿನ ಹೆಸರು, ತರಗತಿ, ವಿದ್ಯಾರ್ಥಿ ಸಂಖ್ಯೆ, ಯಾವ ಮಾಹಿತಿ ಕೊಡಬಾರದು ಎಂದು ಬರೆದು ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ. ಬಾಯಿಮಾತಿಗೆ ಬೆಲೆಯಿಲ್ಲ.
- ಬಂದ ಉತ್ತರ ಉಳಿಸಿಕೊಳ್ಳಿ. ಮುಂದಿನ ವರ್ಷ ಮತ್ತೆ ಕೊಡಬೇಕೇ ಎಂದು ಆಗಲೇ ಕೇಳಿ. ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಪ್ರತಿ ವರ್ಷ ಹೊಸದಾಗಿ ಕೊಡಬೇಕು, ಎರಡನೇ ವರ್ಷ ಮರೆತವರ ಮಗುವಿನ ಹೆಸರು ಸದ್ದಿಲ್ಲದೆ ಪಟ್ಟಿಗೆ ಮರಳುತ್ತದೆ.

ಇಲ್ಲಿ ತಪ್ಪುವುದು ಎಲ್ಲಿ ಅಂದರೆ, ಕೆಲವು ಡಿಸ್ಟ್ರಿಕ್ಟ್‌ಗಳು ಎಲ್ಲವನ್ನೂ ಒಂದೇ ಚೌಕಕ್ಕೆ ಕಟ್ಟಿರುತ್ತವೆ. ಅದಕ್ಕೆ ಬೇಡವೆಂದರೆ ಇಯರ್‌ಬುಕ್‌ನಲ್ಲಿ (ಶಾಲೆಯ ವಾರ್ಷಿಕ ಫೋಟೊ ಪುಸ್ತಕ) ಮಗುವಿನ ಫೋಟೊ ಇಲ್ಲ, ನಾಟಕದ ಕರಪತ್ರದಲ್ಲಿ ಹೆಸರಿಲ್ಲ, ಪದವಿ ಸಮಾರಂಭದ ಪಟ್ಟಿಯಲ್ಲೂ ಇಲ್ಲ. ಜೂನ್‌ನಲ್ಲಿ ಇಯರ್‌ಬುಕ್ ಕೈಗೆ ಬಂದಾಗ ಮಗು ಅಳುತ್ತದೆ. ಇಮೇಲ್‌ನಲ್ಲೇ ‘ಹೊರಗಿನವರಿಗೆ ವಿಳಾಸ, ಫೋನ್, ಹುಟ್ಟಿದ ದಿನ ಬೇಡ; ಇಯರ್‌ಬುಕ್, ಬಹುಮಾನ ಪಟ್ಟಿ ಸರಿ’ ಎಂದು ಬಿಡಿಸಿ ಬರೆದು, ಹಾಗೆ ಮಾಡಲು ಸಾಧ್ಯವೇ ಎಂದು ಕೇಳಿ. ಹಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಏನು ಬಿಟ್ಟುಕೊಡುತ್ತಿದ್ದೀರಿ ಎಂದು ತಿಳಿದೇ ತೀರ್ಮಾನಿಸಿದಂತಾಯಿತು.

ಹೈಸ್ಕೂಲಿಗೆ ಬಂದವರಿಗೆ ಇನ್ನೊಂದು ಚೌಕ ಬೇರೆಯೇ ಇದೆ. ಸೇನೆಯ ನೇಮಕಾತಿ ಅಧಿಕಾರಿಗಳು ಕೇಳಿದರೆ ವಿದ್ಯಾರ್ಥಿಯ ಹೆಸರು, ವಿಳಾಸ, ಫೋನ್ ಕೊಡಲೇಬೇಕೆಂದು ಕೇಂದ್ರದ ಶಿಕ್ಷಣ ಕಾನೂನು ಹೇಳುತ್ತದೆ. ಪೋಷಕರು ಬರೆದು ಬೇಡವೆಂದರೆ ಮಾತ್ರ ಕೊಡುವಂತಿಲ್ಲ. ಅದನ್ನೂ ಪ್ರತ್ಯೇಕವಾಗಿ ಹೇಳಿಬಿಡಿ.

ಪಿಟಿಎ (ಪೋಷಕರ-ಶಿಕ್ಷಕರ ಸಂಘ) ತಯಾರಿಸುವ ಪೋಷಕರ ಡೈರೆಕ್ಟರಿ ಸಾಮಾನ್ಯವಾಗಿ ಬೇರೊಂದು ಸಂಸ್ಥೆಯ ಕೆಲಸ. ಅದಕ್ಕೆ ನೀವೇ ಕೊಟ್ಟ ವಿವರಕ್ಕೆ ಫರ್ಪಾ ಅನ್ವಯಿಸುವುದಿಲ್ಲ. ಬೇಡದ್ದನ್ನು ಅಲ್ಲಿ ನೀವೇ ಬಿಡಬೇಕು.

ಹಂತ 3: ಕ್ರೋಮ್‌ಬುಕ್ ಮನೆಗೆ ಬಂದಾಗ

ಮೊದಲು ಗೊತ್ತಿರಬೇಕಾದದ್ದು, ಅದು ನಿಮ್ಮ ಕಂಪ್ಯೂಟರ್ ಅಲ್ಲ. ಬಲಗಡೆ ಕೆಳಗೆ ಗಡಿಯಾರದ ಮೇಲೆ ಒತ್ತಿದರೆ ಈ ಸಾಧನವನ್ನು ಡಿಸ್ಟ್ರಿಕ್ಟ್ ನಿರ್ವಹಿಸುತ್ತಿದೆ ಎಂಬ ಸೂಚನೆ ಕಾಣುತ್ತದೆ. ಅದರಲ್ಲಿ ಮಾಡಿದ ಹುಡುಕಾಟ, ತೆರೆದ ಪುಟ, ಬರೆದ ಕಾಗದ ಎಲ್ಲವನ್ನೂ ಡಿಸ್ಟ್ರಿಕ್ಟ್ ನೋಡಬಹುದು. ಗೋಗಾರ್ಡಿಯನ್, ಸೆಕ್ಯೂರ್ಲಿ, ಲೈಟ್‌ಸ್ಪೀಡ್, ಗ್ಯಾಗಲ್ ಮುಂತಾದ ಕಂಪನಿಗಳ ತಂತ್ರಾಂಶ ಈ ಕೆಲಸಕ್ಕಿದೆ. ಕೆಲವು ತರಗತಿಯಲ್ಲಿ ಶಿಕ್ಷಕರಿಗೆ ಮಕ್ಕಳ ಪರದೆ ತೋರಿಸುತ್ತವೆ, ಕೆಲವು ಮಗು ಬರೆದದ್ದರಲ್ಲಿ ಆತ್ಮಹತ್ಯೆ, ಹಿಂಸೆ ಕುರಿತ ಪದಗಳನ್ನು ಹುಡುಕಿ ಸಿಬ್ಬಂದಿಗೆ ತಿಳಿಸುತ್ತವೆ.

ಇದಕ್ಕೆ ಕಾರಣವೆಂದು ಶಾಲೆಗಳು ಹೆಸರಿಸುವುದು 2000ರ ಸಿಪಾ ಕಾನೂನನ್ನು. ಇಂಟರ್ನೆಟ್ ವೆಚ್ಚದಲ್ಲಿ ಕೇಂದ್ರದ ರಿಯಾಯಿತಿ ಬೇಕಾದ ಶಾಲೆ ಅಶ್ಲೀಲ ಚಿತ್ರಗಳನ್ನು ತಡೆಯಬೇಕು, ಮಕ್ಕಳ ಬಳಕೆಯ ಮೇಲೆ ಕಣ್ಣಿಡಬೇಕು ಎನ್ನುತ್ತದೆ ಅದು. ಒಬ್ಬೊಬ್ಬ ಮಗುವಿನ ಜಾಡನ್ನು ಬಿಡದೆ ದಾಖಲಿಸಬೇಕೆಂದು ಅದು ಹೇಳುವುದಿಲ್ಲ. ಅಷ್ಟು ದೂರ ಹೋಗುವುದು ಡಿಸ್ಟ್ರಿಕ್ಟಿನ ಆಯ್ಕೆ, ಆದ್ದರಿಂದ ಪ್ರಶ್ನಿಸಬಹುದು. ಕೇಳಬೇಕಾದ ಪ್ರಶ್ನೆ ಮೂರು: ಶಾಲೆಯ ಸಮಯದಾಚೆಗೂ ನಿಗಾ ಇದೆಯೇ? ಎಚ್ಚರಿಕೆ ಬಂದರೆ ಮೊದಲು ಯಾರು ನೋಡುತ್ತಾರೆ? ದಾಖಲೆ ಎಷ್ಟು ದಿನ ಇಡುತ್ತೀರಿ? ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಪೋಷಕರಿಗೇ ಒಂದು ಆ್ಯಪ್ ಕೊಟ್ಟು, ಮನೆಯ ಹೊತ್ತಿನಲ್ಲಿ ಏನು ನೋಡುತ್ತಿದ್ದಾರೆ ಎಂದು ತೋರಿಸುತ್ತಾರೆ.

ಕ್ಯಾಮೆರಾ ಬಗ್ಗೆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಡಿಸ್ಟ್ರಿಕ್ಟಿನಲ್ಲಿ, ಕಳೆದುಹೋದ ಲ್ಯಾಪ್‌ಟಾಪ್ ಪತ್ತೆಗೆಂದು ಇಟ್ಟ ತಂತ್ರಾಂಶ ಮನೆಯಲ್ಲಿದ್ದ ಮಕ್ಕಳ ಕ್ಯಾಮೆರಾ ಚಿತ್ರಗಳನ್ನೂ ಪರದೆಯ ಚಿತ್ರಗಳನ್ನೂ ಸಾವಿರಗಟ್ಟಲೆ ತೆಗೆದಿದ್ದು 2010ರಲ್ಲಿ ಬಯಲಾಯಿತು. ಡಿಸ್ಟ್ರಿಕ್ಟ್ ಕೊನೆಗೆ 6,10,000 ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು. ಪತ್ತೆ ಶುರುಮಾಡಿದವರು ಅದನ್ನು ನಿಲ್ಲಿಸಲು ಮರೆತದ್ದು, ಯಾರು ಯಾವಾಗ ಶುರುಮಾಡಬಹುದು ಎಂಬ ನಿಯಮವೇ ಸರಿಯಾಗಿ ಇಲ್ಲದಿದ್ದದ್ದು ಅಲ್ಲಿನ ಮೂಲ ದೋಷ. ಮಲಗುವ ಕೋಣೆಯಲ್ಲಿ ತೆರೆದಿಡದಿರುವುದು ಸುಲಭದ ಉಪಾಯ. ಮುಚ್ಚಬೇಕೆಂದರೆ ಸ್ಟಿಕಿ ನೋಟಿನ ಚೂರು ಸಾಕು. ದಪ್ಪ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಒತ್ತಿ ಮುಚ್ಚಿದರೆ ಪರದೆ ಬಿರುಕು ಬಿಡುತ್ತದೆ, ದುರಸ್ತಿಯ ಬಿಲ್ಲು ನಿಮಗೇ.

ಈಗ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಕ್ರೋಮ್‌ಬುಕ್ ಚಾರ್ಜ್ ಇಲ್ಲವೆಂದು ಮಗು ಅಪ್ಪನ ಲ್ಯಾಪ್‌ಟಾಪ್‌ನ ಕ್ರೋಮ್ ಬ್ರೌಸರಿಗೆ ಶಾಲೆಯ ಖಾತೆಯಿಂದ ಲಾಗಿನ್ ಆಗುತ್ತದೆ. ಬ್ರೌಸರ್ ‘ಸಿಂಕ್ ಮಾಡಲೇ’ ಎಂದಾಗ ಹೂಂ ಎನ್ನುತ್ತದೆ. ಆ ಕ್ಷಣದಿಂದ ಆ ಪ್ರೊಫೈಲಿಗೆ ಶಾಲೆಯ ನಿಯಮ, ಶಾಲೆಯ ನಿಗಾ ತಂತ್ರಾಂಶ ಎಲ್ಲ ಬಂದು ಕೂರುತ್ತದೆ. ನಿಗಾ ಹಿಂಬಾಲಿಸುವುದು ಖಾತೆಯನ್ನು, ಯಂತ್ರವನ್ನಲ್ಲ. ಅದೇ ಕಿಟಕಿಯಲ್ಲಿ ಅಪ್ಪ ಬ್ಯಾಂಕ್ ತೆರೆದರೆ ಆ ಪುಟವೂ ಶಾಲೆಯ ಕಣ್ಣಿಗೆ, ಪಾಸ್‌ವರ್ಡ್ ಉಳಿಸಿದರೆ ಅದೂ ಶಾಲೆಯ ಖಾತೆಗೆ. ತಪ್ಪಿಸಲು:

- ಕ್ರೋಮ್‌ನ ಬಲ ಮೇಲ್ತುದಿಯ ಚಿತ್ರದ ಮೇಲೆ ಒತ್ತಿ, ಶಾಲೆಗೆಂದೇ ಹೊಸ ಪ್ರೊಫೈಲ್ ಮಾಡಿ. ಅದಕ್ಕೆ ಬೇರೆ ಬಣ್ಣ ಕೊಟ್ಟರೆ ಯಾವ ಕಿಟಕಿಯಲ್ಲಿ ಇದ್ದೀರಿ ಎಂದು ಕಣ್ಣಿಗೆ ಕಾಣುತ್ತದೆ.
- ಈಗಾಗಲೇ ಬೆರೆತಿದ್ದರೆ ಮೊದಲು ನಿಮ್ಮ ಬುಕ್‌ಮಾರ್ಕ್‌ಗಳ ಪ್ರತಿ ತೆಗೆದಿಟ್ಟು ಆ ಪ್ರೊಫೈಲನ್ನೇ ಅಳಿಸಿ. ಅದರಲ್ಲಿ ಬಳಸಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ.
- ನಿಮ್ಮ ಜಿಮೇಲ್, ಬ್ಯಾಂಕ್, ವಲಸೆಯ ಕಾಗದ ಪತ್ರ ಯಾವುದನ್ನೂ ಶಾಲೆಯ ಕ್ರೋಮ್‌ಬುಕ್‌ನಲ್ಲಿ ತೆರೆಯಬೇಡಿ, ‘ಒಂದು ನಿಮಿಷ’ಕ್ಕೂ ಬೇಡ.

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೊರಟಾಗ ಕ್ರೋಮ್‌ಬುಕ್ ಜೊತೆಗೊಯ್ಯುವ ಮುನ್ನ ಕೇಳಿ. ಹೊರದೇಶಕ್ಕೆ ಒಯ್ಯಬಾರದು ಎಂಬ ನಿಯಮ ಹಲವೆಡೆ ಇದೆ. ಸಾಧನ ಇಲ್ಲೇ ಬಿಟ್ಟು ಹೋದರೂ ಭಾರತದಿಂದ ಶಾಲೆಯ ಖಾತೆಗೆ ಲಾಗಿನ್ ಆದರೆ ಅನುಮಾನದ ಲಾಗಿನ್ ಎಂದು ಖಾತೆಗೆ ಬೀಗ ಬೀಳಬಹುದು. ಪೋಷಕರ ಪೋರ್ಟಲಿನ ಒಟಿಪಿ ಅಮೆರಿಕದ ಫೋನಿಗೆ ಬರುವಂತಿದ್ದರೆ, ಆ ಸಿಮ್ ಊರಲ್ಲಿ ಕೆಲಸ ಮಾಡುತ್ತದೆಯೇ ಎಂದೂ ನೋಡಿಕೊಳ್ಳಿ. ಆಗಸ್ಟ್‌ನ ರಿಜಿಸ್ಟ್ರೇಷನ್ ಕಡೆಯ ದಿನ ಬಂದಿರುತ್ತದೆ, ನೀವು ಹಾಸನದಲ್ಲಿ ಕೂತು ಒಟಿಪಿಗೆ ಕಾಯುತ್ತಿರುತ್ತೀರಿ.

ಹಂತ 4: ಆ್ಯಪ್‌ಗಳ ಪಟ್ಟಿ

ಹದಿಮೂರು ತುಂಬದ ಮಗುವಿನ ಮಾಹಿತಿ ಪಡೆಯಲು ಕಂಪನಿಗೆ ಪೋಷಕರ ಒಪ್ಪಿಗೆ ಬೇಕೆನ್ನುವುದು 1998ರ ಕೋಪಾ ಕಾನೂನು. ಓದಿಗೆ ಮಾತ್ರ ಬಳಸುವ ಆ್ಯಪ್‌ಗೆ ಪೋಷಕರ ಪರವಾಗಿ ಶಾಲೆಯೇ ಒಪ್ಪಿಗೆ ಕೊಡಬಹುದು. ಅದೇ ಮಾಹಿತಿಯನ್ನು ಕಂಪನಿ ಜಾಹೀರಾತಿಗೆ ಬಳಸಿದರೆ ಆ ಒಪ್ಪಿಗೆ ನಿಲ್ಲುವುದಿಲ್ಲ. ತರಗತಿಗಳಿಗೆ ಆ್ಯಪ್ ಕೊಡುತ್ತಿದ್ದ ಎಡ್‌ಮೋಡೊ ಕಂಪನಿಯ ಮೇಲೆ 2023ರಲ್ಲಿ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 60 ಲಕ್ಷ ಡಾಲರ್ ದಂಡದ ಕ್ರಮ ಕೈಗೊಂಡದ್ದು ಇದೇ ಕಾರಣಕ್ಕೆ.

ಡಿಸ್ಟ್ರಿಕ್ಟಿನ ಸೈಟಿನಲ್ಲಿ ‘ಸ್ಟೂಡೆಂಟ್ ಡೇಟಾ ಪ್ರೈವೆಸಿ’ ಎಂದು ಹುಡುಕಿ. ಇಲಿನಾಯ್, ಕನೆಕ್ಟಿಕಟ್‌ನಂಥ ರಾಜ್ಯಗಳಲ್ಲಿ ಯಾವ ಕಂಪನಿಯೊಂದಿಗೆ ಒಪ್ಪಂದವಿದೆ ಎನ್ನುವುದನ್ನು ಡಿಸ್ಟ್ರಿಕ್ಟ್ ಪ್ರಕಟಿಸಲೇಬೇಕು. ನ್ಯೂಯಾರ್ಕ್‌ನ 2-ಡಿ ಕಾನೂನು ವಿದ್ಯಾರ್ಥಿಯ ಮಾಹಿತಿ ಮಾರುವುದನ್ನು ನಿಷೇಧಿಸಿ, ಪೋಷಕರ ಹಕ್ಕುಗಳ ಪಟ್ಟಿಯನ್ನು ಸೈಟಿನಲ್ಲಿ ಹಾಕಿಸುತ್ತದೆ. ಮಗು ಬಳಸುತ್ತಿರುವ ಆ್ಯಪ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಬಹುಶಃ ಯಾರೋ ಶಿಕ್ಷಕರು ಉತ್ಸಾಹದಿಂದ ತಾವೇ ಶುರುಮಾಡಿರುತ್ತಾರೆ. ಸೋರಿಕೆಯ ಸಾಧ್ಯತೆ ಹೆಚ್ಚಿರುವುದು ಇಂಥವುಗಳಲ್ಲೇ. ಶಿಕ್ಷಕರ ಮೇಲೆ ಹರಿಹಾಯುವ ಬದಲು ‘ಇದಕ್ಕೆ ಡಿಸ್ಟ್ರಿಕ್ಟಿನ ಒಪ್ಪಿಗೆ ಇದೆಯೇ, ಇಲ್ಲದಿದ್ದರೆ ಮಗು ಬೇರೆ ಹೆಸರಿನಲ್ಲಿ ಬಳಸಬಹುದೇ’ ಎಂದು ಮೆತ್ತಗೆ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಗೂಗಲ್‌ನ ಶಾಲಾ ಖಾತೆಯಲ್ಲಿ ಎರಡು ಬಗೆ ಇವೆ. ಕ್ಲಾಸ್‌ರೂಮ್, ಡಾಕ್ಸ್, ಡ್ರೈವ್, ಶಾಲೆಯ ಜಿಮೇಲ್ ಮುಖ್ಯ ಸೇವೆಗಳು, ಅವುಗಳಲ್ಲಿ ಜಾಹೀರಾತಿಲ್ಲ. ಯೂಟ್ಯೂಬ್, ಮ್ಯಾಪ್ಸ್ ಮುಂತಾದವು ಹೆಚ್ಚುವರಿ ಸೇವೆಗಳು. 18 ತುಂಬದ ವಿದ್ಯಾರ್ಥಿಗೆ ಇವನ್ನು ತೆರೆಯುವ ಮುನ್ನ ಶಾಲೆ ಪೋಷಕರ ಒಪ್ಪಿಗೆ ಪಡೆಯಬೇಕು. ರಿಜಿಸ್ಟ್ರೇಷನ್‌ನಲ್ಲಿ ಗೂಗಲ್ ಹೆಸರಿನ ಚೌಕ ಬಂದರೆ ಅದು ಇದೇ.

ಮನೆಯ ಸಂಗತಿ, ಧರ್ಮ, ಆದಾಯ, ರಾಜಕೀಯ ಒಲವು, ಮಾನಸಿಕ ತೊಂದರೆ ಇವುಗಳ ಬಗ್ಗೆ ಕೇಳುವ ಸಮೀಕ್ಷೆಗಳಿಗೆ ಪಿಪಿಆರ್‌ಎ ಎಂಬ ಬೇರೆಯ ಕಾನೂನೇ ಇದೆ. ಪ್ರಶ್ನೆಪತ್ರಿಕೆ ನೋಡುವ, ಮಗುವನ್ನು ಅದರಿಂದ ಹೊರಗಿಡುವ ಹಕ್ಕು ಪೋಷಕರದ್ದು.

ಹಂತ 5: ನಮ್ಮದೇ ವಾಟ್ಸಾಪ್

ಶಾಲೆಯನ್ನು ಇಷ್ಟು ಪ್ರಶ್ನಿಸಿದ ಮೇಲೆ ನಮ್ಮ ಕಡೆಯ ಸೋರಿಕೆಯನ್ನೂ ನೋಡಬೇಕಲ್ಲ. ಮೊದಲ ದಿನ ಮಗು ಹಲಗೆ ಹಿಡಿದು ನಿಂತ ಫೋಟೊ: ಅದರಲ್ಲಿ ಶಾಲೆಯ ಹೆಸರು, ತರಗತಿ, ಶಿಕ್ಷಕರ ಹೆಸರು, ವಯಸ್ಸು, ಹಿನ್ನೆಲೆಯಲ್ಲಿ ಮನೆಯ ಸಂಖ್ಯೆ. ಅದು ಅಮ್ಮನ ಫೋನಿನಿಂದ ಕುಟುಂಬದ ಗುಂಪಿಗೆ, ಅಲ್ಲಿಂದ ತುಮಕೂರಿನ ಅತ್ತೆಯ ಫೇಸ್‌ಬುಕ್ಕಿಗೆ, ಎಲ್ಲರಿಗೂ ಕಾಣುವಂತೆ. ಅತ್ತೆಗೆ ಸಂತೋಷ, ತಪ್ಪು ಅವರದ್ದಲ್ಲ. ಹಲಗೆಯ ಮೇಲೆ ‘2ನೇ ಕ್ಲಾಸ್’ ಎಂದಷ್ಟೇ ಬರೆದು, ಬಾಗಿಲ ಸಂಖ್ಯೆ ಬಿಟ್ಟು ನಿಲ್ಲಿಸಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಜಾಗದ ವಿವರ ಅದರೊಳಗೇ ಹೋಗಬಹುದು.

ಚಿಕ್ಕ ಮಕ್ಕಳು ಕ್ಲೆವರ್ ಬ್ಯಾಡ್ಜ್ ಎಂಬ ಕ್ಯೂಆರ್ ಕೋಡಿನ ಕಾಗದವನ್ನು ಕ್ಯಾಮೆರಾಗೆ ಹಿಡಿದು ಲಾಗಿನ್ ಆಗುತ್ತಾರೆ. ಅದೇ ಪಾಸ್‌ವರ್ಡ್. ಫೋಟೊದಲ್ಲಿ ಕೊರಳಲ್ಲಿ ಅದು ನೇತಾಡುತ್ತಿದ್ದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಬಿದ್ದುಹೋದರೆ ಶಿಕ್ಷಕರಿಗೆ ಹೇಳಿ ಹೊಸದು ಮಾಡಿಸಿ, ಹಳೆಯದು ಆಗ ಕೆಲಸ ಮಾಡುವುದಿಲ್ಲ.

ಆರು ತಿಂಗಳಿಗೆಂದು ಬಂದ ಅಜ್ಜ ಅಜ್ಜಿ ಮಗುವನ್ನು ಕರೆತರಲು ಹೋಗುವುದಾದರೆ ಪಿಕ್‌ಅಪ್ ಪಟ್ಟಿಗೆ ಅವರ ಹೆಸರು ಸೇರಿಸಿ, ಗುರುತಿನ ಚೀಟಿ ಒಯ್ಯಲು ಹೇಳಿ. ನಿಮ್ಮ ಪೋರ್ಟಲ್ ಪಾಸ್‌ವರ್ಡ್ ಅವರಿಗೆ ಬೇಕಿಲ್ಲ. ಅವರು ಊರಿಗೆ ಮರಳಿದ ವಾರ ಪಟ್ಟಿಯಿಂದ ಹೆಸರು ತೆಗೆಸಿ.

ಹಂತ 6: ಮಾಹಿತಿ ಸೋರಿದೆ ಎಂಬ ಪತ್ರ ಬಂದರೆ

ಪತ್ರದಲ್ಲಿನ ಲಿಂಕ್ ಒತ್ತಬೇಡಿ. ಸೋರಿಕೆಯ ಸುದ್ದಿ ಬಂದ ಬೆನ್ನಿಗೇ ಅದೇ ಹೆಸರಿನ ನಕಲಿ ಪತ್ರಗಳೂ ಬರುತ್ತವೆ. ಡಿಸ್ಟ್ರಿಕ್ಟಿನ ಸೈಟಿಗೆ ನೀವೇ ಹೋಗಿ ಖಚಿತಪಡಿಸಿಕೊಳ್ಳಿ. ನಂತರ ಕೇಳಬೇಕಾದ್ದು ಒಂದೇ: ನಮ್ಮ ಮಗುವಿನ ಯಾವ ಯಾವ ಕಾಲಂ ಹೋಗಿದೆ? ಹೆಸರು, ವಿಳಾಸ ಮಾತ್ರ ಹೋಗಿದ್ದರೆ ಮುಂದೆ ಬರುವ ಮೋಸದ ಕರೆಗಳಿಗೆ ಎಚ್ಚರ ಸಾಕು. ಮಗುವಿನ ಶಾಲೆ, ತರಗತಿ ಎಲ್ಲ ಸರಿಯಾಗಿ ಹೇಳಿ ವಲಸೆ ಇಲಾಖೆಯ ಹೆಸರಲ್ಲಿ ಹಣ ಕೇಳುವ ಕರೆ ಬಂದರೆ ಕೆಳಗಿಟ್ಟು ಬಿಡಿ.

ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಹೋಗಿದ್ದರೆ ಕೆಲಸ ಇದೆ. ಮಕ್ಕಳ ಸಂಖ್ಯೆ ಕಳ್ಳರಿಗೆ ಅಚ್ಚುಮೆಚ್ಚು, ಏಕೆಂದರೆ 18 ತುಂಬಿ ಕಾರ್ಡಿಗೋ ಸಾಲಕ್ಕೋ ಅರ್ಜಿ ಹಾಕುವವರೆಗೆ ಯಾರೂ ಅದನ್ನು ನೋಡುವುದಿಲ್ಲ. ಪರಿಹಾರ ಕ್ರೆಡಿಟ್ ಫ್ರೀಜ್, ಅಂದರೆ ಆ ಹೆಸರಲ್ಲಿ ಯಾರೂ ಹೊಸ ಸಾಲ ಎತ್ತದಂತೆ ಸಾಲದ ದಾಖಲೆಗೆ ಬೀಗ ಹಾಕಿಸುವುದು. 2018ರ ಸೆಪ್ಟೆಂಬರ್‌ನಿಂದ ಅದು ಎಲ್ಲರಿಗೂ ಉಚಿತ, 16 ತುಂಬದ ಮಗುವಿನ ಪರವಾಗಿ ಪೋಷಕರು ಕೇಳಬಹುದು. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಸಾಲದ ದಾಖಲೆ ಇಡುವ ಕಂಪನಿಗಳು ಮೂರಕ್ಕೂ ಬೇರೆ ಬೇರೆಯಾಗಿ ಕಳಿಸಬೇಕು, ಒಂದಕ್ಕೆ ಹೇಳಿದರೆ ಉಳಿದವಕ್ಕೆ ತಾನಾಗಿ ಹೋಗುವುದಿಲ್ಲ. ಪೋಷಕರ ಗುರುತಿನ ಚೀಟಿ, ಮಗುವಿನ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯೂರಿಟಿ ಕಾರ್ಡ್, ವಿಳಾಸದ ಬಿಲ್ಲು ಇವುಗಳ ಪ್ರತಿ ಅಂಚೆಯಲ್ಲಿ ಹೋಗಬೇಕಾಗುತ್ತದೆ. ದೊಡ್ಡವರಂತೆ ಎರಡು ನಿಮಿಷದಲ್ಲಿ ಆನ್‌ಲೈನ್‌ನಲ್ಲಿ ಆಗುವ ಕೆಲಸವಲ್ಲ. ಪತ್ರ ತಲುಪಿದ ಮೂರು ಕೆಲಸದ ದಿನಗಳಲ್ಲಿ ಫ್ರೀಜ್ ಆಗಬೇಕು. ಅವರು ಕಳಿಸುವ ದೃಢೀಕರಣ ಪತ್ರವನ್ನು ಮಗುವಿನ ಜನನ ಪ್ರಮಾಣಪತ್ರದ ಜೊತೆಯಲ್ಲೇ ಇಡಿ. ಹತ್ತು ವರ್ಷದ ನಂತರ ಬೇಕಾಗುವುದು ಅದು, ಇಟ್ಟ ಜಾಗ ಅಷ್ಟರಲ್ಲಿ ಮರೆತಿರುತ್ತದೆ. ಯಾರಾದರೂ ಈಗಾಗಲೇ ಸಾಲ ಎತ್ತಿದ್ದರೆ ಕೇಂದ್ರ ಸರ್ಕಾರದ ಐಡೆಂಟಿಟಿಥೆಫ್ಟ್ ಡಾಟ್ ಗವ್ ತಾಣದಲ್ಲಿ ದೂರು ದಾಖಲಿಸಿ.

ಡಿಸ್ಟ್ರಿಕ್ಟ್ ಉಚಿತವಾಗಿ ಕೊಡುವ ಕ್ರೆಡಿಟ್ ನಿಗಾ ಸೇವೆಗೆ ಸೇರಿಕೊಳ್ಳಿ, ಕಡೆಯ ದಿನ ಮೀರಿದರೆ ಸಿಗುವುದಿಲ್ಲ. ಆದರೆ ಅದು ಕಳ್ಳತನ ಆದ ಮೇಲೆ ಹೇಳುತ್ತದೆ, ತಡೆಯುವುದು ಫ್ರೀಜ್.

ಹಂತ 7: ದಾಖಲೆ ನೋಡುವುದು, ದೂರು ಕೊಡುವುದು, ಊರು ಬಿಡುವುದು

ಮಗುವಿನ ಬಗ್ಗೆ ಶಾಲೆ ಏನೇನು ಇಟ್ಟುಕೊಂಡಿದೆ ಎಂದು ನೋಡಲು ಬರೆದು ಕೇಳಿ. 45 ದಿನಗಳೊಳಗೆ ತೋರಿಸಬೇಕು. ಪ್ರತಿಗೆ ಶುಲ್ಕ ಕೇಳಬಹುದು, ಹುಡುಕಿದ್ದಕ್ಕೆ ಕೇಳುವಂತಿಲ್ಲ. ಶಿಕ್ಷಕರು ತಮ್ಮ ನೆನಪಿಗೆಂದು ತಮ್ಮ ಬಳಿಯೇ ಬರೆದಿಟ್ಟುಕೊಂಡ ಟಿಪ್ಪಣಿ ಇದರಲ್ಲಿ ಬರುವುದಿಲ್ಲ. ತಪ್ಪು ಕಂಡರೆ ತಿದ್ದಲು ಕೇಳಬಹುದು, ಒಪ್ಪದಿದ್ದರೆ ವಿಚಾರಣೆ ಕೇಳಬಹುದು. ಗ್ರೇಡ್ ಕಡಿಮೆಯಾಯಿತೆಂಬ ಜಗಳಕ್ಕೆ ಇದು ದಾರಿಯಲ್ಲ.

ಹಕ್ಕು ಮುರಿದಿದ್ದರೆ ಮೊದಲು ಪ್ರಿನ್ಸಿಪಾಲ್, ಆಮೇಲೆ ಡಿಸ್ಟ್ರಿಕ್ಟ್ ಕಚೇರಿ, ಸ್ಕೂಲ್ ಬೋರ್ಡ್ ಸಭೆ. ಕೇಂದ್ರ ಶಿಕ್ಷಣ ಇಲಾಖೆಯ ಸ್ಟೂಡೆಂಟ್ ಪ್ರೈವೆಸಿ ಪಾಲಿಸಿ ಆಫೀಸಿಗೆ, ಹಕ್ಕು ಮುರಿದದ್ದು ನಿಮಗೆ ತಿಳಿದ 180 ದಿನಗಳೊಳಗೆ ದೂರು ಕೊಡಬಹುದು. ಫರ್ಪಾ ಮುರಿದರೆಂದು ನೀವೇ ಶಾಲೆಯ ಮೇಲೆ ದಾವೆ ಹೂಡಲಾಗದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆದ್ದರಿಂದ ಹೆಚ್ಚಿನ ವೇಳೆ ಫಲ ಕೊಡುವುದು ರಾಜ್ಯದ ಕಾನೂನು, ಬೋರ್ಡ್ ಸಭೆಯಲ್ಲಿ ನಾಲ್ಕು ಜನ ಪೋಷಕರು ಒಟ್ಟಾಗಿ ಎದ್ದು ನಿಲ್ಲುವುದು.

ಮಗುವಿಗೆ 18 ತುಂಬಿದ ದಿನ ಫರ್ಪಾದ ಹಕ್ಕು ಮಗುವಿನದಾಗುತ್ತದೆ. ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದ್ದರೆ ಶಾಲೆ ನಿಮಗೆ ತೋರಿಸಬಹುದು, ತೋರಿಸಲೇಬೇಕೆಂದಿಲ್ಲ.

ಬೇರೆ ಡಿಸ್ಟ್ರಿಕ್ಟಿಗೆ ಹೋಗುವವರ ದಾಖಲೆಯನ್ನು ಶಾಲೆಗಳೇ ಒಂದಕ್ಕೊಂದು ಕಳಿಸಿಕೊಳ್ಳುತ್ತವೆ. ಭಾರತಕ್ಕೇ ಮರಳುವವರು ಹೊರಡುವ ತಿಂಗಳ ಮೊದಲೇ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ), ಲಸಿಕೆಯ ದಾಖಲೆ, ಶಾಲೆ ಬಿಟ್ಟ ಪತ್ರಗಳನ್ನು ಮುದ್ರೆ ಹಾಕಿಸಿ ಕಾಗದದಲ್ಲೇ ಪಡೆಯಿರಿ, ಸೇರಿಸಲಿರುವ ಶಾಲೆ ಅಪಾಸ್ಟಿಲ್ (ಬೇರೆ ದೇಶದಲ್ಲಿ ಪತ್ರ ನಡೆಯಲು ಬೇಕಾದ ಸರ್ಕಾರಿ ದೃಢೀಕರಣ) ಕೇಳುತ್ತದೆಯೇ ಎಂದು ಈಗಲೇ ವಿಚಾರಿಸಿ. ಮಗುವಿನ ಡ್ರೈವ್‌ನಲ್ಲಿರುವ ಬರಹ, ಚಿತ್ರಗಳನ್ನು ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಳ್ಳಿ. ಡಿಸ್ಟ್ರಿಕ್ಟ್ ಅದನ್ನು ಮುಚ್ಚಿದ್ದರೆ ತೆರೆಯಿಸಿಕೊಡಲು ಕೇಳಿ. ಬೆಂಗಳೂರಿನ ಶಾಲೆಯವರು ಜೂನ್‌ನಲ್ಲಿ ಅಂಕಪಟ್ಟಿ ಕೇಳುವ ಹೊತ್ತಿಗೆ ಪೋರ್ಟಲಿನ ಲಾಗಿನ್ ಮುಚ್ಚಿರುತ್ತದೆ, ಶಾಲೆಯ ಕಚೇರಿಗೂ ಬೇಸಿಗೆ ರಜೆ.